ವೈಯಕ್ತಿಕ ನ್ಯೂಟ್ರಾನ್ ಡೋಸ್ ಮಾಪನ: ಶೋಧಕ ವಸ್ತುಗಳ ತೌಲನಿಕ ವಿವೇಚನೆ

ಸಾರಾಂಶ

ವಿಕಿರಣದ ನಡುವೆ ದುಡಿಯುವವರು ಪಡೆಯುವ ನ್ಯೂಟ್ರಾನ್ ಡೋಸನ್ನು ಅಳೆಯಲು ಬಳಸುವ ನಾಲ್ಕು ವಸ್ತುಗಳನ್ನು ಈ ಲೇಖನ ಹೋಲಿಸುತ್ತದೆ: ನ್ಯೂಕ್ಲಿಯರ್ ಎಮಲ್ಷನ್ ಫಿಲ್ಮ್, ಲಿಥಿಯಂ ಫ್ಲೋರೈಡ್, ಸಿಆರ್-39 ಪ್ಲಾಸ್ಟಿಕ್ ಮತ್ತು ಅತಿತಪ್ತ ದ್ರವದ ಬಬಲ್ ಶೋಧಕ. ವಸ್ತು ಎಷ್ಟು ಸೂಕ್ಷ್ಮ ಎಂಬುದಕ್ಕಿಂತ ಯಾವ ಶಕ್ತಿಯ ನ್ಯೂಟ್ರಾನಿಗೆ ಸ್ಪಂದಿಸುತ್ತದೆ ಎಂಬುದೇ ಆಯ್ಕೆಗೆ ಆಧಾರವಾಗಬೇಕು ಎಂಬುದು ಇಲ್ಲಿನ ವಾದ.

1. ಸಮಸ್ಯೆಯ ಸ್ವರೂಪ

ನ್ಯೂಟ್ರಾನಿಗೆ ವಿದ್ಯುದಂಶವಿಲ್ಲ. ಆದ್ದರಿಂದ ಅದನ್ನು ನೇರವಾಗಿ ಹಿಡಿಯಲಾಗದು. ಅದು ಯಾವುದಾದರೂ ಪರಮಾಣು ಬೀಜಕ್ಕೆ ಬಡಿದಾಗ ಹೊರಬೀಳುವ ಪ್ರೋಟಾನ್ ಅಥವಾ ಆಲ್ಫಾ ಕಣವನ್ನು ಗುರುತಿಸಿ ಲೆಕ್ಕ ಹಾಕಬೇಕು. ತೊಡಕು ಇಷ್ಟಕ್ಕೇ ಮುಗಿಯುವುದಿಲ್ಲ. ಕೆಲಸದ ಜಾಗದಲ್ಲಿ ಸಿಗುವ ನ್ಯೂಟ್ರಾನುಗಳ ಶಕ್ತಿ ಮಂದ ನ್ಯೂಟ್ರಾನಿನ 0.025 ಎಲೆಕ್ಟ್ರಾನ್‌ವೋಲ್ಟಿನಿಂದ ಹಲವು ದಶಲಕ್ಷ ಎಲೆಕ್ಟ್ರಾನ್‌ವೋಲ್ಟಿನವರೆಗೆ ಹರಡಿರುತ್ತದೆ. ಅವು ದೇಹಕ್ಕೆ ಮಾಡುವ ಹಾನಿಯೂ ಸಮನಲ್ಲ. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗದ 2007ರ ಶಿಫಾರಸಿನಲ್ಲಿ ಮಂದ ನ್ಯೂಟ್ರಾನುಗಳ ವಿಕಿರಣ ತೂಕಾಂಕ 2.5, 1 ಮೆಗಾ ಎಲೆಕ್ಟ್ರಾನ್‌ವೋಲ್ಟಿನ ಆಸುಪಾಸಿನಲ್ಲಿ ಅದು 20ನ್ನು ದಾಟುತ್ತದೆ. ಚದರ ಸೆಂಟಿಮೀಟರಿಗೆ ಬೀಳುವ ಒಂದು ಮಂದ ನ್ಯೂಟ್ರಾನಿನಿಂದ ಬರುವ ವೈಯಕ್ತಿಕ ಡೋಸ್ ಸಮಾನಾಂಕಕ್ಕೆ ಹೋಲಿಸಿದರೆ 1 ಮೆಗಾ ಎಲೆಕ್ಟ್ರಾನ್‌ವೋಲ್ಟಿನ ನ್ಯೂಟ್ರಾನಿನದು ಸುಮಾರು 40 ಪಟ್ಟು ಹೆಚ್ಚು. ಆದರ್ಶ ಶೋಧಕವೊಂದು ಇದ್ದಿದ್ದರೆ ಅದರ ಸ್ಪಂದನೆಯೂ ಇದೇ ಅನುಪಾತದಲ್ಲಿ ಏರಬೇಕಿತ್ತು. ಅಂಥ ವಸ್ತು ಇದುವರೆಗೆ ಸಿಕ್ಕಿಲ್ಲ.

2. ಲಿಥಿಯಂ ಫ್ಲೋರೈಡ್

ನೈಸರ್ಗಿಕ ಲಿಥಿಯಂನಲ್ಲಿ ಶೇ. 7.5ರಷ್ಟಿರುವ ಲಿಥಿಯಂ-6 ಮಂದ ನ್ಯೂಟ್ರಾನನ್ನು ನುಂಗಿ ಆಲ್ಫಾ ಕಣವಾಗಿಯೂ ಟ್ರಿಟಿಯಂ ಬೀಜವಾಗಿಯೂ ಒಡೆಯುತ್ತದೆ. ಹೊರಬರುವ 4.78 ಮೆಗಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಒಂದಂಶ ಹರಳಿನೊಳಗಿನ ಎಲೆಕ್ಟ್ರಾನ್ ಬಲೆಗಳಲ್ಲಿ ಉಳಿದು, ಹರಳನ್ನು ಕಾಯಿಸಿದಾಗ ಬೆಳಕಾಗಿ ಹೊಮ್ಮುತ್ತದೆ. ಗಾಮಾ ಕಿರಣವೂ ಇದೇ ಬೆಳಕನ್ನು ಕೊಡುವುದರಿಂದ ಲಿಥಿಯಂ-6 ಹೆಚ್ಚಿಸಿದ ಹರಳಿನ ಪಕ್ಕದಲ್ಲಿ ಲಿಥಿಯಂ-7ರ ಹರಳನ್ನಿಟ್ಟು, ಎರಡರ ವ್ಯತ್ಯಾಸವನ್ನು ನ್ಯೂಟ್ರಾನಿನ ಪಾಲೆಂದು ತೆಗೆದುಕೊಳ್ಳುತ್ತಾರೆ.

ಮಂದ ನ್ಯೂಟ್ರಾನಿಗೆ ಲಿಥಿಯಂ-6ರ ಕ್ರಾಸ್ ಸೆಕ್ಷನ್, ಎಂದರೆ ನ್ಯೂಟ್ರಾನನ್ನು ನುಂಗುವ ಸಂಭವದ ಅಳತೆ, 940 ಬಾರ್ನ್. 1 ಮೆಗಾ ಎಲೆಕ್ಟ್ರಾನ್‌ವೋಲ್ಟಿಗೆ ಬರುವ ಹೊತ್ತಿಗೆ ಅದು ಒಂದು ಬಾರ್ನಿಗೂ ಕಡಿಮೆ. ಎಂದರೆ ಹಾನಿ ಹೆಚ್ಚುವ ಕಡೆಯಲ್ಲೇ ಈ ಹರಳಿನ ಕಣ್ಣು ಮಂಜಾಗುತ್ತದೆ. ಕೊರತೆಯನ್ನು ತುಂಬಲು ‘ಆಲ್ಬಿಡೊ’ ವಿಧಾನ ನೆರವಾಗುತ್ತದೆ: ವೇಗದ ನ್ಯೂಟ್ರಾನುಗಳು ಹರಳಿನ ಬ್ಯಾಡ್ಜ್ ತೊಟ್ಟವರ ದೇಹದ ಹೈಡ್ರೋಜನ್ನಿಗೆ ಬಡಿದು ನಿಧಾನವಾಗಿ ಹಿಂದಿರುಗಿದಾಗ ಹರಳು ಅವನ್ನು ಹಿಡಿಯುತ್ತದೆ. ಬ್ಯಾಡ್ಜ್ ಮೈಗೆ ಅಂಟಿಕೊಂಡಂತಿರಬೇಕೆಂಬ ನಿಯಮ ಇದರಿಂದಲೇ ಬಂದಿದೆ. ಆದರೂ ಹಿಂದಿರುಗುವ ಪ್ರಮಾಣ ಮೂಲಶಕ್ತಿಯನ್ನು ಅವಲಂಬಿಸಿದೆ. ಕವಚವಿಲ್ಲದ ಕ್ಯಾಲಿಫೋರ್ನಿಯಂ-252 ಆಕರದ ಮುಂದೆ ಮಾಪನಾಂಕ ನಿರ್ಣಯಿಸಿದ ಆಲ್ಬಿಡೊ ಬ್ಯಾಡ್ಜನ್ನು ದಪ್ಪ ಕಾಂಕ್ರೀಟಿನ ಹಿಂದೆ ತೊಟ್ಟರೆ ಡೋಸ್ ಹತ್ತು ಪಟ್ಟಿಗೂ ಹೆಚ್ಚಾಗಿ ಕಾಣಿಸಬಹುದು.

3. ಸಿಆರ್-39

ಕನ್ನಡಕದ ಗಾಜಿನ ಬದಲಿಗೆ ಬಳಕೆಯಾಗುತ್ತಿದ್ದ ಈ ಪ್ಲಾಸ್ಟಿಕ್ ಕಣಗಳ ಜಾಡನ್ನು ದಾಖಲಿಸಬಲ್ಲದೆಂದು 1978ರಲ್ಲಿ ಕಾರ್ಟ್‌ರೈಟ್, ಶರ್ಕ್ ಮತ್ತು ಪ್ರೈಸ್ ತೋರಿಸಿಕೊಟ್ಟರು. ವೇಗದ ನ್ಯೂಟ್ರಾನ್ ಪ್ಲಾಸ್ಟಿಕ್ಕಿನ ಅಥವಾ ಅದರ ಮುಂದಿಟ್ಟ ಪಾಲಿಎಥಿಲೀನ್ ಹಾಳೆಯ ಹೈಡ್ರೋಜನ್ನಿಗೆ ಬಡಿದಾಗ ಚಿಮ್ಮುವ ಪ್ರೋಟಾನ್, ದಾರಿಯುದ್ದಕ್ಕೂ ಪಾಲಿಮರ್ ಸರಪಳಿಗಳನ್ನು ಕಡಿಯುತ್ತ ಹೋಗುತ್ತದೆ. ಆ ಗಾಯ ಬರಿಗಣ್ಣಿಗೆ ಕಾಣದು. ಚೂರನ್ನು 60ರಿಂದ 70 ಡಿಗ್ರಿ ಸೆಲ್ಸಿಯಸ್ ಬಿಸಿಯ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಹಲವು ತಾಸು ಇಟ್ಟರೆ, ಗಾಯವಾದ ಜಾಗ ಉಳಿದ ಭಾಗಕ್ಕಿಂತ ಬೇಗ ಕರಗಿ ಶಂಕುವಿನಾಕಾರದ ಕುಳಿಯಾಗುತ್ತದೆ. ಸೂಕ್ಷ್ಮದರ್ಶಕದಡಿ ನೇರವಾಗಿ ಹೊಕ್ಕ ಪ್ರೋಟಾನಿನ ಗುರುತು ದುಂಡಗೆ, ಓರೆಯಾಗಿ ಹೊಕ್ಕದ್ದು ಅಂಡಾಕಾರವಾಗಿ ಕಾಣುತ್ತದೆ. ಗೀರು, ದೂಳಿನ ಕಲೆಗಳನ್ನು ಬಿಟ್ಟು ಈ ಕುಳಿಗಳನ್ನಷ್ಟೇ ಎಣಿಸುವುದರಲ್ಲಿ ಪ್ರಯೋಗಾಲಯದ ಪರಿಣತಿ ಇದೆ.

ಎಕ್ಸ್-ಕಿರಣ, ಗಾಮಾ ಕಿರಣಗಳು ಇಲ್ಲಿ ಕುಳಿ ಮೂಡಿಸುವುದಿಲ್ಲ. ಇದು ದೊಡ್ಡ ಅನುಕೂಲ. ಮಿತಿಗಳೂ ಇವೆ. ಸುಮಾರು 100 ಕಿಲೋ ಎಲೆಕ್ಟ್ರಾನ್‌ವೋಲ್ಟಿಗಿಂತ ಕೆಳಗಿನ ನ್ಯೂಟ್ರಾನ್ ಇದಕ್ಕೆ ಕಾಣುವುದಿಲ್ಲ. ನ್ಯೂಟ್ರಾನ್ ಪಕ್ಕದಿಂದ ಬಂದಾಗ ಸ್ಪಂದನೆ ಕುಗ್ಗುತ್ತದೆ. ಗಾಳಿಯ ರೇಡಾನ್ ಹೊರಸೂಸುವ ಆಲ್ಫಾ ಕಣಗಳು ಸುಳ್ಳು ಗುರುತು ಮೂಡಿಸದಂತೆ ಚೂರನ್ನು ಬಿಗಿಯಾಗಿ ಮುಚ್ಚಿಡಬೇಕು. ಒಮ್ಮೆ ದ್ರಾವಣದಲ್ಲಿ ಕೊರೆದ ಚೂರು ಮರುಬಳಕೆಗೆ ಬರುವುದಿಲ್ಲ.

4. ಎಮಲ್ಷನ್ ಮತ್ತು ಬಬಲ್ ಶೋಧಕ

ಎಮಲ್ಷನ್ ಫಿಲ್ಮ್ ಸುಮಾರು 0.7 ಮೆಗಾ ಎಲೆಕ್ಟ್ರಾನ್‌ವೋಲ್ಟಿಗಿಂತ ಮೇಲಿನ ನ್ಯೂಟ್ರಾನುಗಳನ್ನಷ್ಟೇ ತೋರಿಸುತ್ತದೆ. ಗಾಮಾ ಹೆಚ್ಚಾದರೆ ಫಿಲ್ಮ್ ಕಪ್ಪಾಗಿ ಜಾಡು ಮುಚ್ಚಿಹೋಗುತ್ತದೆ. ತೇವದ ಹವೆಯಲ್ಲಿ ಜಾಡೇ ಮಾಸುತ್ತದೆ. ನಮ್ಮ ಮಳೆಗಾಲಕ್ಕೆ ಅದು ಒಗ್ಗುವ ವಸ್ತುವಲ್ಲ. ಬಬಲ್ ಶೋಧಕದಲ್ಲಿ ಜೆಲ್‌ನೊಳಗಿನ ಅತಿತಪ್ತ ದ್ರವದ ಹನಿಗಳು ನ್ಯೂಟ್ರಾನ್ ತಗುಲಿದಾಗ ಗುಳ್ಳೆಗಳಾಗುತ್ತವೆ. ಕೆಲಸಗಾರ ಆ ಕ್ಷಣವೇ ಎಣಿಸಿಕೊಳ್ಳಬಹುದು. ಆದರೆ ತಾಪಮಾನದ ಏರಿಳಿತಕ್ಕೆ ಇದು ಸೂಕ್ಷ್ಮ. ಆದ್ದರಿಂದ ಅಲ್ಪಾವಧಿಯ ಕೆಲಸಗಳಿಗೆ ಹೆಚ್ಚು ಸೂಕ್ತ.

5. ಕೆಲಸದ ಜಾಗ ಮತ್ತು ಆಯ್ಕೆ

ಕೈಗಾದಂಥ ಭಾರಜಲ ರಿಯಾಕ್ಟರುಗಳಲ್ಲಿ ರಕ್ಷಾಕವಚ ದಾಟಿ ಬರುವ ನ್ಯೂಟ್ರಾನುಗಳು ಬಹುಮಟ್ಟಿಗೆ ವೇಗ ಕಳೆದುಕೊಂಡಿರುತ್ತವೆ. ಅಲ್ಲಿ ಸಿಆರ್-39 ಒಂದನ್ನೇ ನಂಬಿದರೆ ಡೋಸಿನ ಒಂದು ಪಾಲು ಲೆಕ್ಕಕ್ಕೆ ಸಿಗದೆ ಹೋಗಬಹುದು. ತೈಲಬಾವಿ ಪರೀಕ್ಷೆಯಲ್ಲಿ ಬಳಸುವ ಅಮೆರಿಸಿಯಂ-ಬೆರಿಲಿಯಂ ಆಕರದ ಸರಾಸರಿ ಶಕ್ತಿ ಸುಮಾರು 4.2 ಮೆಗಾ ಎಲೆಕ್ಟ್ರಾನ್‌ವೋಲ್ಟ್. ಅಲ್ಲಿ ಸಿಆರ್-39ಕ್ಕೇ ಮೊದಲ ಸ್ಥಾನ. ಕ್ಯಾನ್ಸರ್ ಚಿಕಿತ್ಸೆಯ ಅಧಿಕ ಶಕ್ತಿಯ ಲೀನಿಯರ್ ಆಕ್ಸಿಲರೇಟರ್ ಇರುವಲ್ಲಿ ಫೋಟಾನ್ ಪಾಲು ಹೆಚ್ಚಾದಷ್ಟೂ ಲಿಥಿಯಂ ಜೋಡಿಯ ವ್ಯವಕಲನದಲ್ಲಿ ಅನಿಶ್ಚಿತತೆ ಬೆಳೆಯುತ್ತದೆ.

ಭಾರತದಲ್ಲಿ ವ್ಯಾಪಕವಾಗಿ ಬಳಸುವ ಟಿಎಲ್‌ಡಿ (ಕಾಯಿಸಿದಾಗ ಬೆಳಕು ಹೊಮ್ಮಿಸುವ ಶೋಧಕ) ಬ್ಯಾಡ್ಜಿನ ಕ್ಯಾಲ್ಸಿಯಂ ಸಲ್ಫೇಟ್-ಡಿಸ್ಪ್ರೋಸಿಯಂ ಬಿಲ್ಲೆಗಳು ಬೀಟಾ ಮತ್ತು ಗಾಮಾಗಳಿಗಾಗಿ ರೂಪಿಸಿದವು. ವೇಗದ ನ್ಯೂಟ್ರಾನಿನ ವಿಷಯದಲ್ಲಿ ಅವು ಹೆಚ್ಚುಕಡಿಮೆ ಮೌನ. ನ್ಯೂಟ್ರಾನ್ ಇರುವ ಕಡೆ ಪ್ರತ್ಯೇಕ ಶೋಧಕ ಬೇಕೇ ಬೇಕು.

6. ಸಮಾರೋಪ

ಹೋಲಿಕೆಯಿಂದ ಹೊರಡುವ ತೀರ್ಮಾನ ಇದು: ಶಕ್ತಿವ್ಯಾಪ್ತಿ ವಿಶಾಲವಾಗಿರುವಲ್ಲಿ ಸಿಆರ್-39 ಮತ್ತು ಲಿಥಿಯಂ ಜೋಡಿಯನ್ನು ಒಂದೇ ಬ್ಯಾಡ್ಜಿನಲ್ಲಿ ಕೂಡಿಸುವುದು ಸರಿಯಾದ ಮಾರ್ಗ. ಅದಕ್ಕೂ ಮೊದಲು ಬಾನರ್ ಗೋಳಗಳಿಂದ (ವಿವಿಧ ಗಾತ್ರದ ಪಾಲಿಎಥಿಲೀನ್ ಗೋಳಗಳೊಳಗಿನ ಶೋಧಕದಿಂದ) ಕೆಲಸದ ಜಾಗದ ನ್ಯೂಟ್ರಾನ್ ಶಕ್ತಿಹಂಚಿಕೆಯನ್ನು ಅಳೆದು, ತಿದ್ದುಪಡಿ ಗುಣಾಂಕವನ್ನು ಆ ಜಾಗಕ್ಕೇ ನಿಗದಿಪಡಿಸಬೇಕು. ವರದಿಯಲ್ಲಿ ಡೋಸಿನ ಜೊತೆಗೆ, ಬ್ಯಾಡ್ಜ್ ಯಾವ ಶಕ್ತಿಯ ನ್ಯೂಟ್ರಾನುಗಳನ್ನು ಕಾಣಲಾರದು ಎಂಬುದನ್ನೂ ನಮೂದಿಸಬೇಕು. ವರದಿಯ ‘ಸೊನ್ನೆ’ ಎಂದರೆ ವಿಕಿರಣ ತಗುಲಿಲ್ಲವೆಂದೋ, ಶೋಧಕ ಕಾಣಲಿಲ್ಲವೆಂದೋ ತಿಳಿಯುವ ಹಕ್ಕು ಅದನ್ನು ತೊಟ್ಟು ದುಡಿಯುವವರಿಗಿದೆ.