ಎರಡನೆಯ ಕಾರಣ: ಮಿಡ್ಲ್‌ಬರೋ ಟೀ-ಶರ್ಟ್ ತೀರ್ಪಿನ ಮೇಲೊಂದು ಟಿಪ್ಪಣಿ

2023ರ ಮಾರ್ಚ್‌ನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮಿಡ್ಲ್‌ಬರೋ ಊರಿನ ನಿಕೋಲ್ಸ್ ಮಿಡ್ಲ್ ಸ್ಕೂಲಿಗೆ ಏಳನೇ ತರಗತಿಯ ಹುಡುಗನೊಬ್ಬ ‘ಲಿಂಗಗಳಿರುವುದು ಎರಡೇ’ ಎಂಬ ಬರಹದ ಟೀ-ಶರ್ಟ್ ತೊಟ್ಟು ಬಂದ. ಬದಲಾಯಿಸು ಎಂದರೆ ಒಪ್ಪಲಿಲ್ಲ, ಮನೆಗೆ ಹೋಗಬೇಕಾಯಿತು. ಮೇ ತಿಂಗಳಲ್ಲಿ ‘ಎರಡೇ’ ಎಂದಿದ್ದ ಜಾಗಕ್ಕೆ ‘ಸೆನ್ಸಾರ್ ಆಗಿದೆ’ ಎಂಬ ಪಟ್ಟಿ ಅಂಟಿಸಿಕೊಂಡು ಬಂದ. ಅದನ್ನೂ ತೆಗೆಸಿದರು. ಎಲ್‌ಜಿಬಿಟಿ ವಿದ್ಯಾರ್ಥಿಗಳನ್ನು ಬೆಂಬಲಿಸಿ ಶಾಲೆಯೇ ಮಾತಾಡುತ್ತಿರುವಾಗ ತಾನು ಎದುರು ಮಾತಾಡಬಾರದೇಕೆ ಎಂಬುದು ನ್ಯಾಯಾಲಯಕ್ಕೆ ಹೋದ ಹುಡುಗನ ವಾದ. ಈ ವಾದ ಹಗುರವಾದದ್ದಲ್ಲ.

ವಾಕ್‌ಸ್ವಾತಂತ್ರ್ಯಕ್ಕೆ ನಮ್ಮ ಸಂವಿಧಾನದ 19(2)ನೇ ವಿಧಿಯಲ್ಲಿರುವಂಥ ನಿರ್ಬಂಧಗಳ ಪಟ್ಟಿ ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿಯಲ್ಲಿಲ್ಲ. ಗೆರೆ ಎಳೆಯುವ ಕೆಲಸ ನ್ಯಾಯಾಲಯಗಳದು. ಶಾಲೆಗಳ ಮಟ್ಟಿಗೆ ಆ ಗೆರೆ ಎಳೆದದ್ದು 1969ರ ಟಿಂಕರ್ ತೀರ್ಪು. ವಿಯೆಟ್ನಾಂ ಯುದ್ಧದ ವಿರುದ್ಧ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡ ಮಕ್ಕಳ ಪರ ನಿಂತ ಸುಪ್ರೀಂ ಕೋರ್ಟ್, ವಿದ್ಯಾರ್ಥಿಯ ಮಾತನ್ನು ತಡೆಯಲು ಎರಡು ಕಾರಣಗಳನ್ನು ಉಳಿಸಿತು: ಶಾಲೆಯ ಕೆಲಸಕ್ಕೆ ಗಣನೀಯ ಅಡ್ಡಿ, ಇತರರ ಹಕ್ಕುಗಳ ಮೇಲಿನ ಆಕ್ರಮಣ. ಮೊದಲನೆಯದು ನೂರಾರು ಮೊಕದ್ದಮೆಗಳಲ್ಲಿ ಸವೆದು ಹದವಾಗಿದೆ. ಎರಡನೆಯದನ್ನು ಸುಪ್ರೀಂ ಕೋರ್ಟ್ ಇಂದಿಗೂ ಬಿಡಿಸಿ ಹೇಳಿಲ್ಲ. ಸಲಿಂಗಕಾಮವನ್ನು ಹೀಗಳೆದ ಟೀ-ಶರ್ಟಿನ ಹಾರ್ಪರ್ ಪ್ರಕರಣದಲ್ಲಿ ಒಂಬತ್ತನೆಯ ಸರ್ಕ್ಯೂಟ್ (ಕೆಲವು ರಾಜ್ಯಗಳ ಮೇಲ್ಮನವಿ ಕೇಳುವ ಫೆಡರಲ್ ನ್ಯಾಯಾಲಯ) 2006ರಲ್ಲಿ ಇದೇ ಕಾರಣವನ್ನು ನೆಚ್ಚಿತ್ತು. ಮರುವರ್ಷ ಆ ತೀರ್ಪು ರದ್ದಾಯಿತು. 2008ರಲ್ಲಿ ಇಂಥದೇ ಪ್ರಕರಣವೊಂದರಲ್ಲಿ ಏಳನೆಯ ಸರ್ಕ್ಯೂಟಿನ ನ್ಯಾಯಾಧೀಶ ರಿಚರ್ಡ್ ಪೋಸ್ನರ್, ತಮ್ಮ ನಂಬಿಕೆ, ಬದುಕಿನ ರೀತಿಯ ಟೀಕೆಯನ್ನು ತಡೆಯುವ ಹಕ್ಕು ಯಾರಿಗೂ ಇಲ್ಲ ಎಂದರು.

ಮಿಡ್ಲ್‌ಬರೋ ಪ್ರಕರಣದಲ್ಲಿ ಕೆಳ ನ್ಯಾಯಾಲಯ ಎರಡನೆಯ ಕಾರಣವನ್ನೇ ಹಿಡಿಯಿತು. 2024ರ ಜೂನ್‌ನಲ್ಲಿ ಮೊದಲನೆಯ ಸರ್ಕ್ಯೂಟ್ ಶಾಲೆಯನ್ನೇ ಎತ್ತಿಹಿಡಿದರೂ ದಾರಿ ಬದಲಿಸಿ ಮೊದಲನೆಯ ಕಾರಣವನ್ನು, ಅಂದರೆ ಶಾಲೆಯ ಕೆಲಸಕ್ಕಾಗುವ ಅಡ್ಡಿಯನ್ನು, ಆಧಾರವಾಗಿ ಹಿಡಿಯಿತು. ಮುಖ್ಯ ನ್ಯಾಯಾಧೀಶ ಡೇವಿಡ್ ಬ್ಯಾರನ್ ಬರೆದ ಆ ತೀರ್ಪು ಎರಡು ಪ್ರಶ್ನೆ ಕೇಳುತ್ತದೆ: ಬರಹವು ವ್ಯಕ್ತಿತ್ವದಲ್ಲಿ ಆಳವಾಗಿ ಬೇರೂರಿದ ಗುಣವನ್ನು ಹೀಗಳೆಯುತ್ತದೆಯೇ? ಅದರಿಂದ ಆ ಗುಣವಿರುವ ಮಕ್ಕಳ ಮನಸ್ಸು ಕುಸಿದು ಕಲಿಕೆಯ ವಾತಾವರಣವೇ ಕೆಡಬಹುದೆಂದು ನಿರೀಕ್ಷಿಸಲು ಆಧಾರವಿದೆಯೇ? ಅಲ್ಲಿನ ಮಕ್ಕಳು 10ರಿಂದ 14 ವರ್ಷದವರು. ಕೆಲವರಲ್ಲಿ ಆತ್ಮಹತ್ಯೆಯ ಯೋಚನೆಯಿದ್ದದ್ದು ಆಡಳಿತಕ್ಕೆ ಗೊತ್ತಿತ್ತು. ಇಷ್ಟು ಸಾಕೆಂದಿತು ಪೀಠ.

ಇದನ್ನು ವಾಕ್‌ಸ್ವಾತಂತ್ರ್ಯ ಮತ್ತು ಟ್ರಾನ್ಸ್‌ಜೆಂಡರ್ ಹಕ್ಕುಗಳ ನಡುವಿನ ಸಮತೋಲನ ಎನ್ನುವುದು ರೂಢಿ. ನನಗೆ ಹಾಗೆ ತೋರುವುದಿಲ್ಲ. ತಕ್ಕಡಿಯ ಒಂದು ತಟ್ಟೆಯಲ್ಲಿ ಹಕ್ಕಿದೆ, ಇನ್ನೊಂದರಲ್ಲಿ ಇರುವುದು ಹಕ್ಕಲ್ಲ, ಶಾಲೆಯ ಶಿಸ್ತು. ಮಗುವಿನ ನೋವು ಇಲ್ಲಿ ಶಾಲೆ ಹದಗೆಟ್ಟದ್ದರ ಲಕ್ಷಣವಾಗಿ ಮಾತ್ರ ಲೆಕ್ಕಕ್ಕೆ ಬಂದಿದೆ. ಹಾಗಾದರೆ ಅದೇ ಬರಹವನ್ನು ಹಲ್ಲು ಕಚ್ಚಿ ಸಹಿಸಿಕೊಂಡು ಪಾಠ ಕಲಿಯುವ ಮಗುವಿಗೆ ರಕ್ಷಣೆ ಯಾವುದು? ತೀರ್ಪಿನಲ್ಲಿ ಇದಕ್ಕೆ ಉತ್ತರವಿಲ್ಲ. ಇನ್ನೊಂದು ಕಡೆ, ಯಾರದೋ ಮನಸ್ಸು ಕುಸಿದೀತೆಂಬ ಅಂದಾಜಿನ ಮೇಲೆ ಹುಡುಗನ ಬಾಯಿ ಮುಚ್ಚಿಸಿದಂತಾಯಿತು.

2025ರ ಮೇ 27ರಂದು ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು. ನ್ಯಾಯಮೂರ್ತಿಗಳಾದ ಅಲಿಟೋ, ಥಾಮಸ್ ಭಿನ್ನಮತ ಬರೆದರು. ಸದ್ಯಕ್ಕೆ ಮೊದಲನೆಯ ಸರ್ಕ್ಯೂಟಿನ ವ್ಯಾಪ್ತಿಯಲ್ಲಿರುವ ಮ್ಯಾಸಚೂಸೆಟ್ಸ್, ಮೇನ್, ನ್ಯೂ ಹ್ಯಾಂಪ್‌ಶೈರ್, ರೋಡ್ ಐಲೆಂಡ್ ಮತ್ತು ಪೋರ್ಟೊ ರಿಕೊಗಳ ಸಾರ್ವಜನಿಕ ಶಾಲೆಗಳಿಗೆ ಬ್ಯಾರನ್ ತೀರ್ಪೇ ಕಾನೂನು.