ಕಾಲುವೆ ಬದಿಯ ರಾಣಿ, ರೋಮಿನ ಪ್ರವಾಸಿ

ರಜೆ ಬಂತೆಂದರೆ ಮದ್ದೂರಿನ ಸುತ್ತಮುತ್ತಲ ಊರುಗಳಿಂದ ಕರಾವಳಿಯ ಕಡೆಗೆ ವಾಹನಗಳು ಹೊರಡುತ್ತವೆ. ವೈದ್ಯನಾಥಪುರದಂಥ ಊರಿನಲ್ಲಿ ನಾಲ್ಕೈದು ಮನೆಯವರು ಸೇರಿ ಒಂದು ಗಾಡಿ ಗೊತ್ತು ಮಾಡುತ್ತಾರೆ. ಪುಳಿಯೋಗರೆ ಕಲಸಿಕೊಂಡು, ಮದ್ದೂರು ವಡೆ ಕಟ್ಟಿಸಿಕೊಂಡು, ಕೋಳಿ ಕೂಗುವ ಹೊತ್ತಿಗೆ ಹೊರಟರೆ ಧರ್ಮಸ್ಥಳ, ಉಡುಪಿ, ಕೊಲ್ಲೂರು, ಮುರುಡೇಶ್ವರ, ಗೋಕರ್ಣ. ಮೂರು ನಾಲ್ಕು ದಿನದ ಪ್ರವಾಸ. ಆ ಗಾಡಿಯಲ್ಲಿ ಕಡಲನ್ನು ಮೊದಲ ಸಲ ನೋಡುವವರು ಒಬ್ಬಿಬ್ಬರಾದರೂ ಇದ್ದೇ ಇರುತ್ತಾರೆ.

ವೈದ್ಯನಾಥೇಶ್ವರನ ಗುಡಿಯ ಬಳಿ ಹರಿಯುವ ಶಿಂಷಾ ನದಿ ಕಾವೇರಿಯನ್ನು ಕೂಡಿ ಪೂರ್ವದ ಕಡಲಿಗೆ ಹೋಗುತ್ತದೆ. ನಮ್ಮ ನದಿ ನಮ್ಮನ್ನು ಎಂದೂ ಪಡುವಣ ಕಡಲಿಗೆ ಕರೆದುಕೊಂಡು ಹೋಗುವುದಿಲ್ಲ. ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಹಳ್ಳಗಳು ಹರಿಯುವ ದಿಕ್ಕನ್ನು ಗಮನಿಸಿ. ಅಲ್ಲಿಂದಾಚೆಗೆ ಬಿದ್ದ ಮಳೆಯೆಲ್ಲ ಪಶ್ಚಿಮಕ್ಕೆ. ನೀರು ಬದಲಾದಂತೆ ಮನೆಯ ಮಾಡು, ಊಟದ ಅಕ್ಕಿ, ಮಾತಿನ ಧಾಟಿ ಎಲ್ಲವೂ ಬದಲಾಗುತ್ತವೆ. ಮೊದಲ ಸಲ ಹೋದವರಿಗೆ ಇದೆಲ್ಲ ಎದ್ದು ಕಾಣುತ್ತದೆ. ಎರಡನೆಯ ಸಲ ಹೋದವರಿಗೆ ಅಷ್ಟು ಕಾಣುವುದಿಲ್ಲ.

ಹೀಗೆ ಮೊದಲ ಸಲ ಬಂದು ನೋಡಿದ ಒಬ್ಬನ ವಿಚಾರವನ್ನು ನಿಮ್ಮ ಮುಂದಿಡಬೇಕೆಂಬುದು ಇಲ್ಲಿನ ಉದ್ದೇಶ. ಇಂದು ನಾವು ರಜೆಗೆ ದಕ್ಷಿಣ ಯೂರೋಪಿನ ಕಡಲತೀರದ ಊರುಗಳನ್ನು ನೋಡಲು ಆಸೆಪಡುತ್ತೇವಲ್ಲವೇ? ಸುಮಾರು ನಾನ್ನೂರು ವರ್ಷಗಳ ಹಿಂದೆ ಅದೇ ದಕ್ಷಿಣ ಯೂರೋಪಿನಿಂದ ಒಬ್ಬ ನಮ್ಮ ಕಡಲತೀರದ ಊರುಗಳನ್ನು ನೋಡಲು ಬಂದಿದ್ದ. ವ್ಯಾಪಾರಕ್ಕಲ್ಲ, ಯುದ್ಧಕ್ಕಲ್ಲ, ಮತಪ್ರಚಾರಕ್ಕೂ ಅಲ್ಲ. ನೋಡುವುದಕ್ಕೆಂದೇ ಬಂದವನು.

ನೋಡಲೆಂದೇ ಬಂದವನು

ಅವನ ಹೆಸರು ಪಿಯೆತ್ರೊ ದೆಲ್ಲಾ ವಾಲೆ. 1586ರಲ್ಲಿ ರೋಮ್ ನಗರದ ಶ್ರೀಮಂತ ಮನೆತನದಲ್ಲಿ ಹುಟ್ಟಿದವನು. 1614ರಲ್ಲಿ ವೆನಿಸ್ ಬಂದರಿನಿಂದ ಹಡಗು ಹತ್ತಿ ತುರ್ಕಿ, ಈಜಿಪ್ಟ್, ಜೆರುಸಲೇಂಗಳನ್ನು ಸುತ್ತಿ ಬಾಗ್ದಾದಿಗೆ ಬಂದ. ಅಲ್ಲಿ ಸಿತ್ತಿ ಮಾನಿ ಎಂಬ ಕ್ರೈಸ್ತ ಯುವತಿಯನ್ನು ಮದುವೆಯಾದ. ಇಬ್ಬರೂ ಪರ್ಷಿಯಾದಲ್ಲಿ ಕೆಲವು ವರ್ಷ ಕಳೆದರು. 1621ರ ಕೊನೆಯಲ್ಲಿ ಪರ್ಷಿಯಾದ ಕಡಲತೀರದಲ್ಲಿ ಆಕೆ ಜ್ವರದಿಂದ ತೀರಿಕೊಂಡಳು. ಗಂಡ ಆಕೆಯ ದೇಹವನ್ನು ಕೆಡದಂತೆ ಸಂಸ್ಕರಿಸಿ, ಪೆಟ್ಟಿಗೆಯಲ್ಲಿಟ್ಟು, ತನ್ನ ಸಾಮಾನುಗಳ ಜೊತೆಗೆ ಭಾರತಕ್ಕೂ ತಂದ. ಮುಂದೆ 1627ರಲ್ಲಿ ರೋಮಿನಲ್ಲಿ ತನ್ನ ಮನೆತನದ ಸಮಾಧಿಯಲ್ಲಿ ಆಕೆಯನ್ನು ಮಣ್ಣು ಮಾಡಿದ. ಈ ಸಂಗತಿಯನ್ನು ನೆನಪಿಟ್ಟುಕೊಂಡು ಅವನ ಪತ್ರಗಳನ್ನು ಓದಬೇಕು.

ಹೌದು, ಅವನು ಬರೆದದ್ದು ಪತ್ರಗಳನ್ನು. ನೇಪಲ್ಸ್ ನಗರದಲ್ಲಿದ್ದ ಗೆಳೆಯ, ವೈದ್ಯ ಮಾರಿಯೊ ಸ್ಕಿಪಾನೊನಿಗೆ ಕಂಡದ್ದನ್ನೆಲ್ಲ ವಿವರವಾಗಿ ಬರೆಯುತ್ತಿದ್ದ. ಭಾರತದ ಪತ್ರಗಳು ಅವನು ತೀರಿಕೊಂಡ ಮೇಲೆ 1663ರಲ್ಲಿ ಅಚ್ಚಾದವು.

1623ರ ಫೆಬ್ರವರಿಯಲ್ಲಿ ಸೂರತ್ತಿನಲ್ಲಿ ಇಳಿದ ಅವನು ಗುಜರಾತನ್ನು ನೋಡಿಕೊಂಡು ಗೋವೆಗೆ ಬಂದ. ಆಗ ಕೆಳದಿಯ ರಾಜ್ಯವನ್ನು ಆಳುತ್ತಿದ್ದವನು ವೆಂಕಟಪ್ಪ ನಾಯಕ, ರಾಜಧಾನಿ ಇಕ್ಕೇರಿ. ಅಕ್ಟೋಬರಿನಲ್ಲಿ ಗೋವೆಯ ಪೋರ್ಚುಗೀಸರು ಅವನ ಬಳಿಗೆ ಒಬ್ಬ ರಾಯಭಾರಿಯನ್ನು ಕಳುಹಿಸಿದರು. ಆ ತಂಡದ ಜೊತೆಗೆ ನಮ್ಮ ರೋಮಿನ ಪ್ರವಾಸಿಯೂ ಹೊರಟ.

ಹೊನ್ನಾವರದಿಂದ ಇಕ್ಕೇರಿಗೆ

ಮೊದಲ ನಿಲುಗಡೆ ಹೊನ್ನಾವರ. ಅಲ್ಲಿ ಪೋರ್ಚುಗೀಸರ ಕೋಟೆಯಿತ್ತು. ಊರಿನ ಪಕ್ಕದ ರಾಮತೀರ್ಥವನ್ನು ಅವನು ಮೆಚ್ಚಿ ಬರೆದಿದ್ದಾನೆ. ಅಲ್ಲಿಂದ ದೋಣಿಯಲ್ಲಿ ಶರಾವತಿಯ ಮೇಲೆ ಗೇರುಸೊಪ್ಪೆಗೆ. ಲೋಕ ಸುತ್ತಿದ ಆ ಮನುಷ್ಯ, ಇಷ್ಟು ಚೆಲುವಾದ ನದಿಯನ್ನು ಕಂಡಿಲ್ಲವೆಂಬಷ್ಟು ಸಂತೋಷಪಟ್ಟಿದ್ದಾನೆ. ಆದರೆ ಗೇರುಸೊಪ್ಪೆಯಲ್ಲಿ ಕಂಡದ್ದು ಹಾಳೂರು. ಪೋರ್ಚುಗೀಸರು 'ಕಾಳುಮೆಣಸಿನ ರಾಣಿ' ಎಂದು ಕರೆಯುತ್ತಿದ್ದ ಚೆನ್ನಭೈರಾದೇವಿಯ ಕಾಲ ಮುಗಿದು ಎರಡು ದಶಕಗಳೂ ಆಗಿರಲಿಲ್ಲ. ಅಷ್ಟರಲ್ಲೇ ಅರಮನೆ ಬಿದ್ದು ಗಿಡಮರ ಬೆಳೆದಿದ್ದವು. ಇಂದು ನೀವು ಗೇರುಸೊಪ್ಪೆಯ ಚತುರ್ಮುಖ ಬಸದಿಯನ್ನು ನೋಡಲು ಕಾಡಿನೊಳಗೆ ನಡೆಯುವಾಗ, ಆ ಕಾಡು ಎಷ್ಟು ಬೇಗ ಊರನ್ನು ನುಂಗಿತು ಎಂಬುದಕ್ಕೆ ಅವನ ಪತ್ರವೇ ಸಾಕ್ಷಿ.

ಘಟ್ಟ ಹತ್ತುವಾಗ ಅವನಿಗೆ ಇಟಲಿಯ ಅಪೆನೈನ್ ಪರ್ವತಗಳ ನೆನಪಾಯಿತು. ದಾರಿಯಲ್ಲಿ ಒಂದು ಹನುಮಂತನ ಗುಡಿಯ ಜಗಲಿಯಲ್ಲಿ ತಂಗಿದಾಗ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದುದನ್ನು ಕಂಡ. ನೆಲದ ಮೇಲೆ ನುಣುಪು ಮರಳು ಹರಡಿ, ಬೆರಳಿನಿಂದ ಅಂಕಿ ಬರೆಯುತ್ತಾ, ಅದನ್ನೇ ರಾಗವಾಗಿ ಹೇಳುತ್ತಿದ್ದರು. ಜಾಗ ತುಂಬಿದರೆ ಅಳಿಸಿ ಮತ್ತೆ ಮರಳು ಹರಡುತ್ತಿದ್ದರು. ಕಾಗದದ ಖರ್ಚಿಲ್ಲ, ಮಸಿಯ ಖರ್ಚಿಲ್ಲ. ಮರೆತರೆ ಹೇಳಿಕೊಡುವವರು ಯಾರೆಂದು ಕೇಳಿದ್ದಕ್ಕೆ, ನಾವೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ, ಉಪಾಧ್ಯಾಯರು ಬೇಕಾಗಿಲ್ಲ ಎಂದರಂತೆ.

ನಿಮ್ಮ ಅಜ್ಜನ ಕಾಲದ ಕೂಲಿಮಠ ನೆನಪಾಯಿತೇ? ಮರಳಿನ ಮೇಲೆ ಅಕ್ಷರ ತಿದ್ದಿ, ರಾಗವಾಗಿ ಮಗ್ಗಿ ಒಪ್ಪಿಸಿದವರ ಮಾತನ್ನು ನಾವೆಲ್ಲ ಮನೆಯಲ್ಲಿ ಕೇಳಿದವರೇ. ಇದೇ ಪದ್ಧತಿಯನ್ನು ದಕ್ಷಿಣ ಭಾರತದಲ್ಲಿ ಕಂಡ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಮದರಾಸಿನ ಅನಾಥಾಲಯದಲ್ಲಿ ಅದನ್ನು ಪ್ರಯೋಗಿಸಿ, 1797ರಲ್ಲಿ ಅದರ ವರದಿಯನ್ನು ಪ್ರಕಟಿಸಿದ. ಮಕ್ಕಳಿಂದಲೇ ಮಕ್ಕಳಿಗೆ ಪಾಠ ಹೇಳಿಸುವ ಈ ಕ್ರಮ 'ಮದ್ರಾಸ್ ಪದ್ಧತಿ' ಎಂಬ ಹೆಸರಿನಲ್ಲಿ ಇಂಗ್ಲೆಂಡಿನ ಶಾಲೆಗಳಿಗೆ ಹೋಯಿತು. ಅದಕ್ಕೂ 170 ವರ್ಷಗಳಿಗಿಂತ ಹಿಂದೆ ಮಲೆನಾಡಿನ ಒಂದು ಜಗಲಿಯಲ್ಲಿ ನಾಲ್ಕು ಮಕ್ಕಳು ಅದನ್ನೇ ಮಾಡುತ್ತಿದ್ದರು. ಅವರ ಹೆಸರು ಯಾರಿಗೂ ಗೊತ್ತಿಲ್ಲ. ಆದರೆ ಅವರಿದ್ದರು ಎಂಬುದು ಗೊತ್ತು.

ಇಕ್ಕೇರಿಯಲ್ಲಿ ಅವನು ಆಸ್ಥಾನವನ್ನು ನೋಡಿದ, ಬೀದಿಯಲ್ಲಿ ಕೋಲಾಟವಾಡುವ ಹೆಣ್ಣುಮಕ್ಕಳನ್ನು ನೋಡಿದ. ಸಹಗಮನಕ್ಕೆ ಸಿದ್ಧಳಾಗಿದ್ದ ಒಬ್ಬ ವಾದ್ಯಗಾರನ ಹೆಂಡತಿಯ ಮನೆಗೂ ಹೋದ. ಅವನು ಬರೆದ ಹೆಸರನ್ನು ನಮ್ಮ ಬಾಯಲ್ಲಿ ಹೇಳಿದರೆ ಜಕ್ಕಮ್ಮ ಎಂದಾಗುತ್ತದೆ. ಯಾರಾದರೂ ಬಲವಂತ ಮಾಡುತ್ತಿದ್ದಾರೆಯೇ ಎಂದು ಕೇಳಿದ, ಬೇಡವೆಂದು ಬುದ್ಧಿ ಹೇಳಿದ, ಆಕೆ ಒಪ್ಪಲಿಲ್ಲ. ಸತ್ತ ಹೆಂಡತಿಯ ಪೆಟ್ಟಿಗೆಯನ್ನು ದೇಶದಿಂದ ದೇಶಕ್ಕೆ ಒಯ್ಯುತ್ತಿದ್ದ ಗಂಡಸು, ಸತ್ತ ಗಂಡನ ಹಿಂದೆ ಹೊರಟ ಹೆಂಗಸು, ಇಬ್ಬರೂ ದುಭಾಷಿಯ ಮೂಲಕ ಮಾತನಾಡಿದರು. ಮುಂದೆ ಅವನು ಆಕೆಯ ಮೇಲೆ ಪದ್ಯಗಳನ್ನು ಬರೆದ. ನಮ್ಮ ಮಾಸ್ತಿಕಲ್ಲುಗಳಲ್ಲಿ ಎತ್ತಿದ ಕೈಯೊಂದು ಇರುತ್ತದೆ. ಆ ಕೈಯ ಹಿಂದಿನ ಹೆಂಗಸು ಮಾತನಾಡಿದ್ದು ಬಹಳ ಅಪರೂಪ.

ರಾಣಿಯ ಭೇಟಿ

ಇಕ್ಕೇರಿಯಿಂದ ಇಳಿದು ಬಸರೂರಿನ ಮೂಲಕ ಮಂಗಳೂರಿಗೆ ಬಂದ ದೆಲ್ಲಾ ವಾಲೆಗೆ ಉಳ್ಳಾಲದ ರಾಣಿಯನ್ನು ನೋಡುವ ಆಸೆ. ಗಂಡನಾದ ಬಂಗರಾಜನ ಜೊತೆ ಮುರಿದುಕೊಂಡು ಅವನ ಮೇಲೆ ಯುದ್ಧವನ್ನೇ ಮಾಡಿದವಳು ಎಂದು ಕೇಳಿದ್ದ. ಉಳ್ಳಾಲದಲ್ಲಿ ಆಕೆ ಇರಲಿಲ್ಲ, ಒಳನಾಡಿನ ಮಣೇಲಿನಲ್ಲಿದ್ದಳು. ಅಲ್ಲಿಗೇ ಹೋದ. 1623ರ ಡಿಸೆಂಬರ್ ತಿಂಗಳು.

ಪೇಟೆಬೀದಿಯಲ್ಲಿ ಇಳಿಯಲು ಜಾಗ ಹುಡುಕುತ್ತಿದ್ದಾಗ ರಾಣಿಯೇ ಎದುರಿಗೆ ಬಂದಳು. ಕಾಲ್ನಡಿಗೆಯಲ್ಲಿ, ಬರಿಗಾಲಿನಲ್ಲಿ. ಸೊಂಟಕ್ಕೆ ಒಂದು ದಪ್ಪ ಹತ್ತಿಯ ಬಟ್ಟೆ, ಮೇಲೊಂದು ಹೊದಿಕೆ, ಹಿಡಿದದ್ದು ಗರಿಯ ಛತ್ರಿ. ಮೈಬಣ್ಣ ಕಪ್ಪು, ಮೈಕಟ್ಟು ದಪ್ಪ, ವಯಸ್ಸು ನಲವತ್ತರ ಸುಮಾರು. ಹೊಲದಲ್ಲಿ ತೋಡಿಸುತ್ತಿದ್ದ ಕಾಲುವೆಗಳ ಕೆಲಸ ಆಕೆಯ ಗಮನದಲ್ಲಿತ್ತು. ನಮ್ಮ ಶ್ರೀಮಂತ ಪ್ರವಾಸಿಗೆ ನಿರಾಶೆಯಾಯಿತು. ರಾಣಿಗಿಂತ ಅಡುಗೆಮನೆಯ ಕೆಲಸದವಳಂತೆ, ಬಟ್ಟೆ ಒಗೆಯುವವಳಂತೆ ಕಾಣುತ್ತಾಳೆಂದು ಗೆಳೆಯನಿಗೆ ಬರೆದುಬಿಟ್ಟ. ಆದರೆ ಮಾತು ಆರಂಭವಾದ ಮೇಲೆ, ಆಕೆಯ ದನಿಯಲ್ಲಿ ಸೊಗಸಿದೆ, ನುಡಿಯಲ್ಲಿ ವಿವೇಕವಿದೆ ಎಂದೂ ಬರೆದ.

ರಾಣಿ ಕೇಳಿದ ಒಂದು ಪ್ರಶ್ನೆ ಸ್ವಾರಸ್ಯವಾಗಿದೆ. ತುರ್ಕರ, ಪರ್ಷಿಯದವರ, ಮೊಗಲರ ದೊಡ್ಡ ದೊಡ್ಡ ದೇಶಗಳನ್ನು ಕಂಡವನು, ಏನೂ ಇಲ್ಲದ ನನ್ನ ಈ ಕಾಡಿನಲ್ಲಿ ಏನು ನೋಡಲು ಬಂದೆ ಎಂಬ ಅರ್ಥದ ಪ್ರಶ್ನೆ. ನಿಮ್ಮನ್ನು ಕಂಡದ್ದೇ ಸಾಕು ಎಂದು ಅವನು ಉತ್ತರಿಸಿದ. ಮುಂದೆ ಇನ್ನೊಮ್ಮೆ ಕಾಣಲು ಹೋದಾಗ ಆಕೆ ಹೊಲದಲ್ಲೇ ನಿಂತು ಕಾಲುವೆ ತೋಡುವ ಆಳುಗಳೊಡನೆ ಮಾತನಾಡುತ್ತಿದ್ದಳು.

ಅವನು ಬರೆದಿರುವ ಹೆಸರು ಅಬ್ಬಕ್ಕದೇವಿ ಚೌಟ ಎಂದು ಓದಿಕೊಳ್ಳುವಂತಿದೆ. ಪೋರ್ಚುಗೀಸರೊಡನೆ ಉಳ್ಳಾಲದ ದೊಡ್ಡ ಕಾಳಗಗಳು ನಡೆದದ್ದು 1550 ಮತ್ತು 1560ರ ದಶಕಗಳಲ್ಲಿ. 1623ರಲ್ಲಿ ನಲವತ್ತರ ಸುಮಾರಿನಲ್ಲಿದ್ದವಳು ಆಗ ಹುಟ್ಟಿರಲೂ ಸಾಧ್ಯವಿಲ್ಲ. ಆದ್ದರಿಂದಲೇ ಅಬ್ಬಕ್ಕ ಒಬ್ಬಳಲ್ಲ, ಚೌಟರ ಮನೆತನದಲ್ಲಿ ಆ ಹೆಸರಿನ ರಾಣಿಯರು ಒಬ್ಬರಿಗಿಂತ ಹೆಚ್ಚು ಇದ್ದರೆಂದು ವಿದ್ವಾಂಸರು ಹೇಳುತ್ತಾರೆ. ಅಳಿಯಕಟ್ಟು ನಡೆಯುತ್ತಿದ್ದ ಮನೆತನದಲ್ಲಿ ಹೆಣ್ಣು ಪಟ್ಟಕ್ಕೆ ಬರುವುದು ಸೋಜಿಗವೂ ಅಲ್ಲ. ಜನಪದ ಎಲ್ಲರ ಸಾಹಸವನ್ನೂ ಒಬ್ಬಳ ಮೈಮೇಲೆ ಏರಿಸಿ, ಉರಿಯುವ ಬಾಣ ಬಿಡುವ ವೀರರಾಣಿಯನ್ನು ಕಟ್ಟಿಕೊಂಡಿತು. 2012ರಲ್ಲಿ ಕರಾವಳಿ ರಕ್ಷಣಾ ಪಡೆಯ ಹಡಗೊಂದಕ್ಕೂ ಆ ಹೆಸರು ಬಂತು.

ಕಂಡದ್ದು, ಕಾಣದ್ದು

ವಿಜ್ಞಾನ ಓದಿದವರಿಗೆ ಮೊದಲು ಕಲಿಸುವ ಪಾಠ, ಪ್ರತಿಯೊಂದು ಉಪಕರಣಕ್ಕೂ ತನ್ನದೇ ದೋಷವಿರುತ್ತದೆ ಎಂಬುದು. ದೋಷ ಎಷ್ಟೆಂದು ತಿಳಿದರೆ ಅಳತೆಯನ್ನು ಸರಿಪಡಿಸಿಕೊಳ್ಳಬಹುದು. ದೆಲ್ಲಾ ವಾಲೆ ಸೂರ್ಯನ ಎತ್ತರವನ್ನು ಅಳೆಯುವ ಯಂತ್ರವನ್ನು ಜೊತೆಗೇ ಇಟ್ಟುಕೊಂಡಿದ್ದ. ಆದರೆ ಅವನ ಮುಖ್ಯ ಉಪಕರಣ ಅವನ ಕಣ್ಣು. ಆ ಕಣ್ಣು ರೋಮಿನ ಶ್ರೀಮಂತನದು. ರಾಣಿಯೆಂದರೆ ರೇಷ್ಮೆ, ಸಿಂಹಾಸನ ಎಂದು ಪಳಗಿದ ಕಣ್ಣು. ಬರಿಗಾಲು ಕಂಡಿತು, ಕಾಲುವೆ ಕಂಡಿತು. ಅವೆರಡರ ಸಂಬಂಧ ಕಾಣಲಿಲ್ಲ.

ಓದುಗರೇ, ಆ ಸಂಬಂಧ ನಿಮಗೆ ಕಾಣುತ್ತದೆ. ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಬಂದು ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆಗಳನ್ನು ಮುಟ್ಟಲು ಆರಂಭಿಸಿದ್ದು 1930ರ ದಶಕದಲ್ಲಿ. ಅಂದಿನಿಂದ ಈ ಸೀಮೆಯವರಿಗೆ ನೀರೆಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ನೀರುಗಂಟಿ ತೂಬಿನ ಬಳಿ ನಿಂತಿರಬೇಕು, ಯಜಮಾನ ಬದುವಿನ ಮೇಲೆ ನಿಂತಿರಬೇಕು. ಇಲ್ಲವಾದರೆ ಕೊನೆಯ ಗದ್ದೆಗೆ ನೀರು ಹೋಗುವುದಿಲ್ಲ. ಕಾಲುವೆ ಕೆಲಸಕ್ಕೆ ತಾನೇ ಬಂದು ಬರಿಗಾಲಿನಲ್ಲಿ ನಿಂತ ರಾಣಿಯನ್ನು ವೈದ್ಯನಾಥಪುರದ ರೈತ ನೋಡಿದ್ದರೆ ಅಡುಗೆಯವಳೆಂದು ಬರೆಯುತ್ತಿರಲಿಲ್ಲ. ಒಳ್ಳೆಯ ಯಜಮಾನ್ತಿ ಎನ್ನುತ್ತಿದ್ದ. ಬಾಣ ಬಿಟ್ಟ ಅಬ್ಬಕ್ಕ ದೊಡ್ಡವಳು, ನಿಜ. ನೀರು ಬಿಡಿಸಿದ ಅಬ್ಬಕ್ಕ ಚಿಕ್ಕವಳೆಂದು ನನಗೆ ಅನ್ನಿಸುವುದಿಲ್ಲ.

ಇನ್ನೊಂದು ಮಾತು. ವೈದ್ಯನಾಥಪುರದ ಗುಡಿಯಲ್ಲಿ ಶಾಸನಗಳಿವೆ. ನಾಡಿನ ಎಲ್ಲೆಡೆಯ ಶಾಸನಗಳಂತೆ ಅವು ದಾನಧರ್ಮದ ದಾಖಲೆಗಳು. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಎಲ್ಲೆ ಯಾವುದು, ತಪ್ಪಿದವರಿಗೆ ಏನು ಶಾಪ ಎಂಬುದನ್ನು ಶಾಸನ ಹೇಳುತ್ತದೆ. ಆ ಊರಿನ ಮಕ್ಕಳು ಮಗ್ಗಿ ಹೇಗೆ ಕಲಿತರೆಂದು ಹೇಳುವುದಿಲ್ಲ. ಅದು ಶಾಸನದ ಕೆಲಸವಲ್ಲ. ಟಿಪ್ಪುವಿನ ಪತನವಾದ ಮರುವರ್ಷ, 1800ರ ಮೇ ತಿಂಗಳಲ್ಲಿ, ಫ್ರಾನ್ಸಿಸ್ ಬುಕನನ್ ನಮ್ಮ ಬೆಂಗಳೂರು–ಶ್ರೀರಂಗಪಟ್ಟಣ ದಾರಿಯಲ್ಲೇ ಸಾಗಿ, 1801ರ ಮೊದಲ ತಿಂಗಳುಗಳಲ್ಲಿ ಇದೇ ಕರಾವಳಿಯನ್ನು ನೋಡಿದ. ಅವನದು ಕಂಪನಿಯ ಆಜ್ಞೆಯಂತೆ ಬೆಳೆ, ಕಸುಬುಗಳ ಪರಿಶೀಲನೆ. ಅದೂ ಬೇಕು. ಆದರೆ ಕೆಲಸವಿಲ್ಲದೆ ಜಗಲಿಯಲ್ಲಿ ಕುಳಿತು ನಾಲ್ಕು ಹುಡುಗರನ್ನು ನೋಡುವ ಪುರುಸೊತ್ತು ಪ್ರವಾಸಿಗೆ ಮಾತ್ರ ಇರುತ್ತದೆ.

ನೀವು ಹೊರಡುವಾಗ

ಈ ಸಲದ ರಜೆಯಲ್ಲಿ ಕರಾವಳಿಗೆ ಹೋಗುವವರಿದ್ದರೆ, ಮಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಉತ್ತರಕ್ಕೆ ಸಾಗಿ. ದೆಲ್ಲಾ ವಾಲೆ ಇಳಿದು ಬಂದ ಬಸರೂರು ಕುಂದಾಪುರದ ಪಕ್ಕದಲ್ಲೇ ಇದೆ. ಹೊನ್ನಾವರದ ಸೇತುವೆಯ ಮೇಲೆ ಗಾಡಿ ಓಡುವಾಗ ಬಲಗಡೆಗೆ ನೋಡಿದರೆ ಅವನ ದೋಣಿ ಗೇರುಸೊಪ್ಪೆಗೆ ಹೋದ ನೀರಿನ ದಾರಿ ಕಾಣುತ್ತದೆ. ದೇವಸ್ಥಾನಗಳನ್ನು ನೋಡಿ, ಕಡಲಿನಲ್ಲಿ ಕಾಲು ತೋಯಿಸಿ, ಪಟ ತೆಗೆದುಕೊಳ್ಳಿ. ಆದರೆ ಕ್ಯಾಮೆರಾದ ಕೆಲಸದಲ್ಲೇ ಇರುವವನ ಒಂದು ಮಾತು ಕೇಳಿ. ಪಟದಲ್ಲಿ ಮುಖ ಉಳಿಯುತ್ತದೆ. ಆಡಿದ ಮಾತು, ಕೇಳಿದ ಪ್ರಶ್ನೆ, ಆದ ಆಶ್ಚರ್ಯ ಉಳಿಯುವುದಿಲ್ಲ.

ಆದ್ದರಿಂದ ಮಗುವಿನ ಕೈಗೆ ಒಂದು ನೋಟ್‌ಬುಕ್ ಕೊಡಿ. ಅಜ್ಜಿಗೆ ಬರೆಯಲು ಬಾರದಿದ್ದರೆ ಆಕೆ ಹೇಳಿದ್ದನ್ನು ಮೊಮ್ಮಗಳು ಬರೆದುಕೊಳ್ಳಲಿ. ದೋಣಿಯವನು ಏನು ಹೇಳಿದ, ಮೀನು ಮಾರುವಾಕೆ ಏನು ಕೇಳಿದಳು, ಅಲ್ಲಿನ ಗದ್ದೆಗೆ ನೀರು ಎಲ್ಲಿಂದ ಬರುತ್ತದೆ. ಮರಳಿ ಬಂದ ಮೇಲೆ ಇನ್ನೊಂದು ಕೆಲಸ ಮಾಡಿ. ಮೊದಲ ಸಲ ಬಂದವರಂತೆ ಒಂದು ಬೆಳಗ್ಗೆ ಶಿಂಷೆಯ ದಡದಲ್ಲಿ ಕುಳಿತು ನಿಮ್ಮ ಊರನ್ನೇ ನೋಡಿ ನಾಲ್ಕು ಪುಟ ಬರೆಯಿರಿ. ಏನೂ ಇಲ್ಲದ ನಮ್ಮೂರಿನಲ್ಲಿ ಬರೆಯಲು ಏನಿದೆ ಎಂದು ಅನ್ನಿಸಿದರೆ, ಮಣೇಲಿನ ರಾಣಿಯೂ ಅದನ್ನೇ ಕೇಳಿದ್ದಳೆಂಬುದನ್ನು ನೆನಪಿಸಿಕೊಳ್ಳಿ.