ನಿಂತ ನೀರಿನಿಂದ ಹರಿವ ನೀರಿಗೆ

ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನ ಗಾಳಿ ಘನಮೀಟರಿಗೆ ಸುಮಾರು 1 ಗ್ರಾಂ ನೀರಾವಿಯನ್ನಷ್ಟೇ ಹಿಡಿದಿಡಬಲ್ಲದು. 21 ಡಿಗ್ರಿಯ ಗಾಳಿ 18 ಗ್ರಾಂ. ಅಮೆರಿಕದ ಮಿನಿಯಾಪೊಲಿಸ್‌ನದೋ ಕೆನಡಾದ ವಿನ್ನಿಪೆಗ್‌ನದೋ ಜನವರಿಯ ಗಾಳಿ ಸಂದುಗೊಂದಿಗಳಿಂದ ಮನೆಗೆ ನುಸುಳಿ ಕಾದಾಗ ಅದರ ಸಾಪೇಕ್ಷ ಆರ್ದ್ರತೆ ಶೇ. 6ರ ಆಸುಪಾಸಿಗೆ ಕುಸಿಯುತ್ತದೆ. ಮನೆ ಕಾಯಿಸುವ ಫರ್ನೇಸ್ ಗಾಳಿಯ ತೇವವನ್ನು ಸುಟ್ಟುಬಿಡುತ್ತದೆ ಎಂಬ ಮಾತು ತಪ್ಪು. ಆ ಗಾಳಿಯಲ್ಲಿ ತೇವ ಮೊದಲೇ ಇರಲಿಲ್ಲ. ತುಟಿ ಒಡೆಯುವುದು, ಮೂಗಿನಲ್ಲಿ ರಕ್ತ, ಬಾಗಿಲ ಹಿಡಿ ಮುಟ್ಟಿದರೆ ಶಾಕ್, ಊರಿನಿಂದ ಜೋಪಾನವಾಗಿ ಒಯ್ದ ವೀಣೆಯಲ್ಲಿ ಬಿರುಕು ಎಲ್ಲಕ್ಕೂ ಮೂಲ ಇದೇ. ಮಳೆಗಾಲವಿಡೀ ಬೂಷ್ಟು ಒರೆಸುವ ಮಲೆನಾಡಿನಿಂದ ಹೋದವರಿಗೆ ಗಾಳಿಗೆ ನೀರುಣಿಸುವ ಹ್ಯೂಮಿಡಿಫೈಯರ್ ಎಂಬ ಯಂತ್ರವೇ ವಿಚಿತ್ರವೆನಿಸೀತು. ಆದರೆ ಅವರ ಬೂಷ್ಟಿನ ಭಯ ಅಲ್ಲೂ ಉಪಯುಕ್ತ.

ಏಕೆಂದರೆ ಈ ಯಂತ್ರದ ಬೆಳವಣಿಗೆಯೆಲ್ಲ ನಿಂತ ನೀರನ್ನು ಮನೆಯಿಂದ ಹೊರಹಾಕಿದ ಕಥೆ. ಮೊದಲಿದ್ದದ್ದು ರೇಡಿಯೇಟರಿನ ಮೇಲೆ ನೀರಿನ ಪಾತ್ರೆ. ಆಮೇಲೆ ಫರ್ನೇಸಿನ ಬಿಸಿಗಾಳಿ ಸಾಗುವ ಡಕ್ಟಿನೊಳಗೇ ತಟ್ಟೆ. 1954ರಲ್ಲಿ ವಿಸ್ಕಾನ್ಸಿನ್‌ನ ರಿಸರ್ಚ್ ಪ್ರಾಡಕ್ಟ್ಸ್ ಸಂಸ್ಥೆ ಏಪ್ರಿಲೇರ್ ಎಂಬ ಹೆಸರಿನಲ್ಲಿ ಇಡೀ ಮನೆಗೊಂದು ಹ್ಯೂಮಿಡಿಫೈಯರನ್ನು ಮಾರುಕಟ್ಟೆಗೆ ತಂದಿತು. ಬಹುಕಾಲ ಚಾಲ್ತಿಯಲ್ಲಿದ್ದ ಡ್ರಮ್ ಮಾದರಿಯಲ್ಲಿ ಸ್ಪಂಜು ಸುತ್ತಿದ ಉರುಳೆಯೊಂದು ತೊಟ್ಟಿಯ ನೀರಿನಲ್ಲಿ ತಿರುಗುತ್ತದೆ. ನೀರು ಪೋಲಾಗದು, ನಿಜ. ಆದರೆ ಬೆಚ್ಚಗಿನ ಕತ್ತಲೆಯ ಆ ತೊಟ್ಟಿಯಲ್ಲಿ ಲೋಳೆ ಕಟ್ಟುತ್ತದೆ, ಅದರ ಮೇಲೆ ಬೀಸಿದ ಗಾಳಿಯೇ ಮಕ್ಕಳ ಕೋಣೆಗೂ ಹೋಗುತ್ತದೆ. ತೊಟ್ಟಿಗೆ ಔಷಧಿ ಸುರಿದರಾಯಿತಲ್ಲ ಎನ್ನುವವರು ದಕ್ಷಿಣ ಕೊರಿಯಾವನ್ನು ನೆನೆಯಬೇಕು: ಕೋಣೆಯ ಹ್ಯೂಮಿಡಿಫೈಯರುಗಳಿಗೆ ಹಾಕುತ್ತಿದ್ದ ಸೋಂಕುನಾಶಕವೇ ಶ್ವಾಸಕೋಶಗಳನ್ನು ಹಾಳುಮಾಡಿ ಜೀವ ತೆಗೆಯುತ್ತಿದೆ ಎಂಬುದು 2011ರಲ್ಲಿ ಅಲ್ಲಿ ಬಯಲಾಯಿತು. ಹರಿವ ನೀರಿನ ಮಾದರಿ ಗೆದ್ದದ್ದು ಇಲ್ಲಿ. ನೀರು ಜಾಲರಿಯಂಥ ಪ್ಯಾಡಿನ ಮೇಲೆ ಜಿನುಗಿ, ಆವಿಯಾಗದೆ ಉಳಿದದ್ದು ಸುಣ್ಣದಂಶವನ್ನೂ ಹೊತ್ತು ಡ್ರೈನಿಗೆ ಇಳಿಯುತ್ತದೆ. ಆ ನೀರು ವ್ಯರ್ಥವೆಂಬ ಆಕ್ಷೇಪ ನ್ಯಾಯವೇ, ಆದರೆ ಯಂತ್ರವನ್ನು ತೊಳೆಯುತ್ತಿರುವುದೂ ಅದೇ ನೀರು.

ಹಾಗಾದರೆ ನೀರನ್ನು ಕುದಿಸಿಯೇ ಬಿಡುವ ಸ್ಟೀಮ್ ಮಾದರಿ ಇನ್ನೂ ಮೇಲಲ್ಲವೇ? ಹೀಟ್ ಪಂಪ್ ಇರುವ ಮನೆಗೆ ಹೌದು. ಅದರ ಗಾಳಿ ಅಷ್ಟು ಬಿಸಿಯಿರದೆ ಪ್ಯಾಡಿನ ನೀರು ಸರಿಯಾಗಿ ಆವಿಯಾಗದು. ಆದರೆ ಸ್ಟೀಮಿಗೆ ಲೀಟರಿಗೆ ಸುಮಾರು 0.7 ಯೂನಿಟ್ ವಿದ್ಯುತ್ ಬೇಕು. ಪ್ಯಾಡಿನಲ್ಲೂ ಆವಿಯಾಗುವ ನೀರು ಫರ್ನೇಸಿನ ಶಾಖವನ್ನೇ ಕುಡಿಯುವುದರಿಂದ, ತೇವ ಹೆಚ್ಚಿದರೆ ಬಿಲ್ ಇಳಿಯುತ್ತದೆಂಬ ಪ್ರಚಾರವನ್ನು ನಾನು ಒಪ್ಪಲಾರೆ. ಮೊದಲು ಸಂದುಗಳನ್ನು ಮುಚ್ಚಿ ಎನ್ನುವವರ ವಾದ ಹೆಚ್ಚು ಗಟ್ಟಿ: ಬಿಗಿಯಾದ ಮನೆಗೆ ಅಡುಗೆ, ಸ್ನಾನ, ಉಸಿರಿನ ತೇವವೇ ಎಷ್ಟೋ ಸಲ ಸಾಕಾಗುತ್ತದೆ. ಯಂತ್ರದ ಗಾತ್ರವನ್ನೂ ಮನೆಯ ವಿಸ್ತೀರ್ಣದಷ್ಟೇ ಅದರ ಬಿಗಿ ನಿರ್ಧರಿಸಬೇಕು.

ಎಷ್ಟು ತೇವವಿರಬೇಕೆಂಬುದನ್ನು ಹೇಳುವುದು ಕಿಟಕಿ. ಹೊರಗೆ ಮೈನಸ್ 7 ಇದ್ದಾಗ ಶೇ. 35 ನಡೆದೀತು, ಮೈನಸ್ 18ಕ್ಕೆ 25, ಮೈನಸ್ 29ಕ್ಕೆ 15. ಮೀರಿದರೆ ಗಾಜಿನ ಮೇಲೆ ನೀರಿಳಿಯುತ್ತದೆ. ಕಣ್ಣಿಗೆ ಬೀಳದ ಗೋಡೆಯೊಳಗೂ ಅದೇ ಆಗಿ ಮರ ಕೊಳೆಯುತ್ತದೆ. ಹೊರಗಿನ ಚಳಿ ನೋಡಿ ತೇವದ ಮಟ್ಟವನ್ನು ತಾನೇ ಇಳಿಸಿಕೊಳ್ಳುವ ಹ್ಯೂಮಿಡಿಸ್ಟ್ಯಾಟಿಗೆ ಕೊಡುವ ಹಣ ಅದಕ್ಕಾಗಿಯೇ ಸಾರ್ಥಕ. ಉಳಿದದ್ದು ವರ್ಷದ ಕೆಲಸ: ಚಳಿಗಾಲಕ್ಕೊಂದು ಹೊಸ ಪ್ಯಾಡ್, ಗಡಸು ನೀರಿನ ಊರಿನಲ್ಲಿ ಎರಡು, ಪ್ಯಾಡಿನ ಮೇಲಿನ ತಟ್ಟೆಯ ಸುಣ್ಣ ಕೆರೆಯುವುದು, ಡ್ರೈನ್ ಕೊಳವೆಯಲ್ಲಿ ಒಂದು ಲೋಟ ನೀರು ಸರಾಗ ಇಳಿಯುತ್ತದೆಯೇ ನೋಡುವುದು. ವಸಂತದಲ್ಲಿ ನಲ್ಲಿಯ ಜೊತೆಗೆ, ಯಂತ್ರದ ಮೂಲಕ ಗಾಳಿ ಹಾಯಿಸುವ ಬೈಪಾಸ್ ಡಕ್ಟಿನ ಡ್ಯಾಂಪರನ್ನೂ ಮುಚ್ಚಬೇಕು. ಮರೆತರೆ ಬೇಸಿಗೆಯಲ್ಲಿ ಏಸಿಯ ತಂಪು ಗಾಳಿಯಲ್ಲಿ ಒಂದಂಶ ಕೋಣೆಗಳಿಗೆ ಹೋಗದೆ ಅದೇ ದಾರಿಯಲ್ಲಿ ಹಿಂದಕ್ಕೆ ಸುತ್ತುತ್ತದೆ.